ದಿನಕ್ಕೆ ಏಳು ಸಾಲು

ಊರೆಂದರೆ ಪ್ರಾಣ, ಕನ್ನಡವೆಂದರೆ ಉಸಿರು, ಕುವೆಂಪು ನಮ್ಮವರು. ಮಾತಿಗೆ ಬರವಿಲ್ಲ. ಆದರೆ ಈ ಪ್ರಾಣಕ್ಕೂ ಉಸಿರಿಗೂ ದಿನದಲ್ಲಿ ನಾವು ಕೊಡುವ ಹೊತ್ತೆಷ್ಟು? ಮಲೆನಾಡಿನ ಕಮ್ಮರಡಿಯ ಅಡಿಕೆ ಅಂಗಳದಲ್ಲಿ, ಒಂದು ಮಹಾಕಾವ್ಯದ ಲೆಕ್ಕದಲ್ಲಿ, ನಿಂತುಹೋದ ಒಂದು ಬಸ್ಸಿನ ಕತೆಯಲ್ಲಿ ಅದಕ್ಕೆ ಉತ್ತರ ಸಿಗುತ್ತದೆ. ಎಲ್ಲವೂ ಸಿಹಿಯಲ್ಲ.

ಡಿಸೆಂಬರಿನ ರಾತ್ರಿ ಒಂಬತ್ತೂವರೆ. ಕಮ್ಮರಡಿಯ ಸುತ್ತ ಯಾವ ಹಳ್ಳಿಯ ದಾರಿ ಹಿಡಿದರೂ ಈಗ ಒಂದೇ ವಾಸನೆ. ಹಸಿ ಅಡಿಕೆಯ ಒಗರು, ಸೌದೆ ಒಲೆಯ ಹೊಗೆ, ಹಂಡೆಯಲ್ಲಿ ಕುದಿಯುವ ಚೊಗರು. ಅಂಗಳದ ಒಂದು ಮೂಲೆಯಲ್ಲಿ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಐದಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತಿದ್ದಾರೆ.

ಕೈ ನೋಡಿದರೆ ತಿಳಿಯುತ್ತದೆ. ಅಡಿಕೆಯನ್ನು ಕತ್ತಿಯ ಮೊನೆಗೆ ಒತ್ತಿ, ಸಿಪ್ಪೆ ಸೀಳಿ, ಒಮ್ಮೆ ತಿರುವಿದರೆ ತಿರುಳು ಬುಟ್ಟಿಗೆ, ಸಿಪ್ಪೆ ಹಿಂದಕ್ಕೆ. ಕಣ್ಣು ಅಲ್ಲಿಲ್ಲ. ಕಣ್ಣು ಎದುರಿನ ಗೋಡೆಗೆ ಒರಗಿಸಿಟ್ಟ ಮೊಬೈಲಿನ ಧಾರಾವಾಹಿಯ ಮೇಲಿದೆ. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಚೊಗರಿಗೆ ಕಪ್ಪಾಗಿ ಗಟ್ಟಿಯಾಗಿದೆ.

ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಚಳಿಗೆ ಮುದುರಿಕೊಂಡು, ಉಳಿದದ್ದು ನಾಳೆ ಸುಲಿದರಾಯಿತು ಅನ್ನುತ್ತಾನೆ. ಅಜ್ಜಿ ತಲೆಯೆತ್ತುವುದಿಲ್ಲ. "ನಾಳೆ ಅಂದ್ರೆ ಅಡಿಕೆ ಕೇಳ್ತದಾ ಮಗಾ?"

ಕೇಳುವುದಿಲ್ಲ. ಕೊಯ್ದ ಕೊನೆಯನ್ನು ರಾಶಿ ಹಾಕಿ ಬಿಟ್ಟರೆ ಒಳಗೆ ಬಿಸಿ ಏರುತ್ತದೆ, ಬಣ್ಣ ಕೆಡುತ್ತದೆ. ಸುಲಿದದ್ದನ್ನು ಬೇಯಿಸಬೇಕು, ಬೇಯಿಸಿದ್ದನ್ನು ಚಪ್ಪರದ ಮೇಲೆ ಹರಡಬೇಕು, ಹರಡಿದ್ದನ್ನು ಬಿಸಿಲು ಬಿದ್ದಾಗಲೆಲ್ಲ ಕೈಯಾಡಿಸಬೇಕು. ಮೋಡ ಕಂಡರೆ ಮುಚ್ಚಬೇಕು. ಅಡಿಕೆ ಬೆಳೆಗಾರನ ಮೇಲೆ ಯಾರಿಗೆ ಏನೇ ದೂರಿರಲಿ, ತೋಟದ ಮೇಲೆ ಅವನಿಗೆ ಪ್ರೀತಿ ಇದೆಯೋ ಇಲ್ಲವೋ ಎಂದು ಭಾಷಣ ಕೇಳಿ ತಿಳಿಯಬೇಕಾಗಿಲ್ಲ. ಸುಗ್ಗಿಯಲ್ಲಿ ಒಂದು ವಾರ ಅವನ ಮನೆಯಲ್ಲಿದ್ದರೆ ಸಾಕು.

ಇದೇ ಡಿಸೆಂಬರ್‌ನಲ್ಲಿ ಇಲ್ಲಿ ಇನ್ನೊಂದು ಸುಗ್ಗಿಯೂ ಬರುತ್ತದೆ. ಅದು ಮಾತಿನ ಸುಗ್ಗಿ. 29ನೇ ತಾರೀಕು ಕುವೆಂಪು ಹುಟ್ಟಿದ ದಿನ, ಸರ್ಕಾರದ ಲೆಕ್ಕದಲ್ಲಿ ವಿಶ್ವಮಾನವ ದಿನ. ಕೊಪ್ಪ ತಾಲ್ಲೂಕಿನವರಿಗೆ ಆ ದಿನ ಸ್ವಲ್ಪ ಹೆಚ್ಚೇ ಹೆಮ್ಮೆ. ಕಮ್ಮರಡಿ ಇರುವ ಈ ತಾಲ್ಲೂಕಿಗೇ ಸೇರಿದ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರಲ್ಲಿ ಆ ಮಗು ಹುಟ್ಟಿತು. ಬೆಳೆದದ್ದು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ತೀರ್ಥಹಳ್ಳಿಯವರು ಕುವೆಂಪು ನಮ್ಮವರು ಅನ್ನುತ್ತಾರೆ. ಹುಟ್ಟಿದ್ದು ಎಲ್ಲಿ ಹೇಳಿ ಮಾರಾಯ್ರೇ ಎಂದು ಕೊಪ್ಪದವರು ಕೇಳುತ್ತಾರೆ.

ಜಗಳ ಚೆನ್ನಾಗಿದೆ. ಎರಡೂ ಕಡೆಯವರನ್ನು ಕೂರಿಸಿ, ಕುವೆಂಪು ಅವರ ಮಹಾಕಾವ್ಯ 'ಶ್ರೀ ರಾಮಾಯಣ ದರ್ಶನಂ' ಪೂರ್ತಿ ಓದಿದವರು ಕೈ ಎತ್ತಿ ಅಂದರೆ ಜಗಳ ಅಲ್ಲಿಗೇ ನಿಲ್ಲಬಹುದು.

ಒಂಬತ್ತು ವರ್ಷದ ಭಾಗಾಕಾರ

ಆ ಕಾವ್ಯದ ಬಗ್ಗೆ ಎಲ್ಲರಿಗೂ ಗೊತ್ತಿರುವ ಸಂಗತಿ ಒಂದಿದೆ. ಬರೆಯಲು ಒಂಬತ್ತು ವರ್ಷ ಹಿಡಿಯಿತು. 1936ರಲ್ಲಿ ಶುರುವಾದದ್ದು ನಲವತ್ತರ ದಶಕದ ನಡುವೆ ಮುಗಿಯಿತು, 1949ರಲ್ಲಿ ಪ್ರಕಟವಾಯಿತು. ಅದರ ಸಾಲುಗಳು 22,000ಕ್ಕೂ ಹೆಚ್ಚು. ಈ ಎರಡು ಅಂಕಿಗಳನ್ನು ನಾವು ಬೆರಗಿನಿಂದ ಹೇಳಿ ಮುಂದೆ ಹೋಗುತ್ತೇವೆ. ಒಂದನ್ನು ಇನ್ನೊಂದರಿಂದ ಭಾಗಿಸುವ ಗೋಜಿಗೆ ಹೋಗುವುದಿಲ್ಲ.

ಭಾಗಿಸಿ ನೋಡಿ. ಒಂಬತ್ತು ವರ್ಷಕ್ಕೆ 3,285 ದಿನ. ದಿನಕ್ಕೆ ಏಳು ಸಾಲೂ ತುಂಬುವುದಿಲ್ಲ.

ಏಳು ಸಾಲು! ವಾಟ್ಸ್‌ಆ್ಯಪ್‌ನಲ್ಲಿ ರಾಜ್ಯೋತ್ಸವದ ಶುಭಾಶಯ ಇದಕ್ಕಿಂತ ಉದ್ದ ಬರುತ್ತದೆ.

ಕವಿ ದಿನಾ ಏಳೇ ಸಾಲು ಬರೆದು ಲೇಖನಿ ಮುಚ್ಚಿದರು ಎಂದಲ್ಲ. ಕಾವ್ಯ ಹಾಗೆ ಬರುವುದಿಲ್ಲ. ಉಕ್ಕಿ ಬಂದ ದಿನವೂ ಇರುತ್ತದೆ, ಒಂದಕ್ಷರ ಮೂಡದ ತಿಂಗಳೂ ಇರುತ್ತದೆ. ಆದರೆ ಸರಾಸರಿ ಒಂದು ಗುಟ್ಟು ಬಿಟ್ಟುಕೊಡುತ್ತದೆ. ಈ ಕಾವ್ಯದ ಗಾತ್ರಕ್ಕೆ ನಾವು ಹೆದರುವಷ್ಟು ಹೆದರಬೇಕಾಗಿಲ್ಲ, ಆ ಒಂಬತ್ತು ವರ್ಷಕ್ಕೆ ಹೆದರಬೇಕು. ಏಳು ಸಾಲು ಯಾರಿಗೂ ಕಷ್ಟವಲ್ಲ. ಮಾರನೆಯ ದಿನ ಮತ್ತೆ ಅಲ್ಲಿಗೇ ಬಂದು ಕೂರುವುದು ಕಷ್ಟ.

ಆ ಒಂಬತ್ತು ವರ್ಷ ಅವರೇನು ಗುಹೆಯಲ್ಲಿ ಕೂತಿರಲಿಲ್ಲ. ಕಾವ್ಯ ಶುರುವಾದ 1936ರಲ್ಲೇ 'ಕಾನೂರು ಹೆಗ್ಗಡಿತಿ' ಕಾದಂಬರಿ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ಹೇಮಾವತಿಯವರೊಂದಿಗೆ ಮದುವೆ. 1938ರಲ್ಲಿ ಮೊದಲ ಮಗ ತೇಜಸ್ವಿ ಹುಟ್ಟಿದರು. 1939ರಲ್ಲಿ ಪ್ರೀತಿಯ ಗುರು ಟಿ.ಎಸ್. ವೆಂಕಣ್ಣಯ್ಯ ತೀರಿಕೊಂಡರು. ಅದೇ ವರ್ಷ ಜಗತ್ತಿನಲ್ಲಿ ಯುದ್ಧ ಹೊತ್ತಿತು. 1942ರಲ್ಲಿ ದೇಶದ ಬೀದಿಗಳಲ್ಲಿ ಚಳವಳಿ. 1944ರಲ್ಲಿ 'ಶೂದ್ರ ತಪಸ್ವಿ' ನಾಟಕ, ಅದರ ಬೆನ್ನಿಗೇ ವಾದವಿವಾದ. ಇದರ ಜತೆಗೆ ಕಾಲೇಜಿನ ಪಾಠ, ಪರೀಕ್ಷೆಯ ಪತ್ರಿಕೆ, ಮೇಷ್ಟರ ಕೆಲಸದ ನಿತ್ಯದ ರಗಳೆ.

ಇಷ್ಟರ ನಡುವೆ ಕಾವ್ಯ ಒಂದು ದಿನವೂ ಸಾಯಲಿಲ್ಲ. ಮುಗಿದಾಗ ಅದನ್ನು ಅರ್ಪಿಸಿದ್ದು ಕಾವ್ಯದ ಪೂರ್ಣರೂಪ ನೋಡಲು ಉಳಿಯದಿದ್ದ ಆ ವೆಂಕಣ್ಣಯ್ಯನವರಿಗೇ.

ನಮ್ಮ ಊರಿನ ಅಭಿಮಾನಕ್ಕೆ ಸ್ವಲ್ಪ ಇರುಸುಮುರುಸು ಮಾಡುವ ಒಂದು ಮಾತಿದೆ. ಈ ಕೆಲಸವನ್ನು ಕುವೆಂಪು ಮಲೆನಾಡಿನಲ್ಲಿ ಕೂತು ಮಾಡಲಿಲ್ಲ. ಶಾಲೆಯ ಓದಿಗೆ ಮೈಸೂರಿಗೆ ಹೋದ ಹುಡುಗ ನೆಲೆಸಲು ಹಿಂದಿರುಗಲೇ ಇಲ್ಲ. ಬರುತ್ತಿದ್ದದ್ದು ರಜೆಗೆ. ತಿರುಗಾಡಿದ್ದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಮನೆ ಕಟ್ಟಿದ್ದು ಒಂಟಿಕೊಪ್ಪಲಿನಲ್ಲಿ. 1994ರ ನವೆಂಬರ್‌ನಲ್ಲಿ ತೀರಿಕೊಂಡ ಮೇಲೆ ದೇಹ ಕುಪ್ಪಳಿಯ ಕವಿಶೈಲಕ್ಕೆ ಬಂತು.

ಊರಲ್ಲೇ ಇರುವವನಿಗೆ ಮಾತ್ರ ಊರ ಮೇಲೆ ಹಕ್ಕು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ? ಇಲ್ಲಿನ ಕಾಡು, ಮಳೆ, ಜಿಗಣೆ ಇವೆಲ್ಲ ಉಳಿದದ್ದು ನೂರಾರು ಕಿಲೋಮೀಟರ್ ದೂರದ ಒಂದು ಮೇಜಿನ ಮೇಲೆ. 'ಮಲೆಗಳಲ್ಲಿ ಮದುಮಗಳು' ಕಾದಂಬರಿ ಬಂದದ್ದು 1967ರಲ್ಲಿ. ಆಗ ಅವರು ಅರವತ್ತು ದಾಟಿದ್ದರು, ಕುಲಪತಿ ಹುದ್ದೆಯಿಂದ ನಿವೃತ್ತರಾಗಿ ಏಳು ವರ್ಷವಾಗಿತ್ತು. ವರ್ಷಕ್ಕೊಮ್ಮೆ ದೀಪಾವಳಿಗೆ ಬಂದು, ತೋಟದಲ್ಲಿ ಸೆಲ್ಫಿ ತೆಗೆದು, ಊರಿನ ಮಣ್ಣೇ ಮಣ್ಣು ಎಂದು ಬರೆದು ಹೋಗುವವರೂ ದೂರದಲ್ಲೇ ಇದ್ದಾರೆ, ಕುವೆಂಪು ಕೂಡ ದೂರದಲ್ಲೇ ಇದ್ದರು. ಮೈಲಿ ಒಂದೇ. ದಿನಚರಿ ಬೇರೆ.

■ ಬಾಕ್ಸ್: ಕಾವ್ಯದ ಅಳತೆ

'ಶ್ರೀ ರಾಮಾಯಣ ದರ್ಶನಂ'ನಲ್ಲಿ ನಾಲ್ಕು ಸಂಪುಟಗಳು: ಅಯೋಧ್ಯಾ, ಕಿಷ್ಕಿಂಧಾ, ಲಂಕಾ, ಶ್ರೀ. ಒಟ್ಟು 50 ಸಂಚಿಕೆ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 1967ರ ಸಾಲಿನ ಜ್ಞಾನಪೀಠ, ಕನ್ನಡಕ್ಕೆ ಬಂದ ಮೊದಲನೆಯದು. ಆ ಸಲ ಗುಜರಾತಿಯ ಉಮಾಶಂಕರ ಜೋಶಿ ಅವರೊಂದಿಗೆ ಹಂಚಿಕೆ.

ದಿನದ ಕೆಲಸಕ್ಕೆ ಇನ್ನೊಂದು ಹೆಸರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಕರಾವಳಿಗೆ ಬಂದ ಜರ್ಮನ್ ಪಾದ್ರಿ. ಅವರ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ.

ಮಗ ಹಿಡಿದ ಉಲ್ಟಾ ದಾರಿ

ತಂದೆ ಮಲೆನಾಡಿನಿಂದ ಮೈಸೂರಿಗೆ ಹೋದರೆ ಮಗ ಮೈಸೂರಿನಿಂದ ಮಲೆನಾಡಿಗೆ ಬಂದರು. ಪೂರ್ಣಚಂದ್ರ ತೇಜಸ್ವಿ ಎಂ.ಎ. ಮುಗಿಸಿ ಅರವತ್ತರ ದಶಕದ ಮೊದಲಲ್ಲೇ ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಲು ಹೊರಟಾಗ, ಕುವೆಂಪು ಅವರ ಮಗ ಗೊಬ್ಬರ ಹೊರುತ್ತಾನಂತೆ ಎಂದು ಕೇಳಿದವರು ಹುಬ್ಬೇರಿಸಿರಲಿಕ್ಕೂ ಸಾಕು.

ಪರಿಸರ ಎಂಬ ಮಾತು ಇನ್ನೂ ವೇದಿಕೆಗೆ ಹತ್ತದ ಕಾಲ ಅದು. ಅವರು ಹಕ್ಕಿ ನೋಡಿದರು. ಹಕ್ಕಿ ನೋಡುವುದೆಂದರೆ ಕಾಯುವುದು. ಮೀನಿಗೂ ಕಾಯುವುದೇ. ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಮಿಸುಕದೆ ಕೂತು ಚಿತ್ರ ತೆಗೆದು, ಕತ್ತಲೆ ಕೋಣೆಯಲ್ಲಿ ತಾವೇ ತೊಳೆದು, ಸರಿಬರದಿದ್ದರೆ ಮತ್ತೆ ಹೋಗುತ್ತಿದ್ದರು. ಈ ಕಾಯುವಿಕೆಯಿಂದ ಒಂದು ಕಡೆ ಹಕ್ಕಿಗಳ ಪುಸ್ತಕಗಳು ಬಂದವು, ಇನ್ನೊಂದು ಕಡೆ 'ಕರ್ವಾಲೊ' ಬಂತು. ಹಾರುವ ಓತಿಯ ಬೆನ್ನುಹತ್ತಿದ ಆ ಕಾದಂಬರಿಯಲ್ಲಿ ಒಂದೂ ಉಪದೇಶವಿಲ್ಲ. ಪರಿಸರ ಉಳಿಸಿ ಎಂದು ಒಮ್ಮೆಯೂ ಕೂಗದೆ ಒಂದು ತಲೆಮಾರಿನ ಕನ್ನಡ ಹುಡುಗರಿಗೆ ಕಾಡಿನ ಹುಚ್ಚು ಹಿಡಿಸಿದ ಪುಸ್ತಕ ಅದು.

ಅಪ್ಪನ ಮೇಜು, ಮಗನ ಬಂದೂಕು–ಗಾಳ–ಕ್ಯಾಮೆರಾ. ಇಬ್ಬರದೂ ಒಂದೇ ಜಾತಿಯ ಹಟ ಎಂದು ನನಗೆ ಅನಿಸುತ್ತದೆ.

ಎಲ್ಲರೂ ಹೊಗಳಿದ ಬಸ್ಸು

ಇಷ್ಟಾದ ಮೇಲೆ ನಮ್ಮದೇ ಕತೆಗೆ ಬರೋಣ. ಇದರಲ್ಲಿ ಕವಿಯಿಲ್ಲ, ಪ್ರಶಸ್ತಿಯಿಲ್ಲ. ಒಂದು ಬಸ್ಸಿದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಯಾರನ್ನಾದರೂ 'ಸಹಕಾರ ಸಾರಿಗೆ' ಗೊತ್ತಾ ಎಂದು ಕೇಳಿ. ಮುಖ ಅರಳುತ್ತದೆ, ಆಮೇಲೆ ಬಾಡುತ್ತದೆ. 1991ರಲ್ಲಿ, ಈ ಭಾಗದಲ್ಲಿ ಬಸ್ಸು ಓಡಿಸುತ್ತಿದ್ದ ಶಂಕರ್ ಕಂಪನಿಯಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಬಿಕ್ಕಟ್ಟಾಗಿ ಕಂಪನಿ ನಿಂತಾಗ, ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಲು ನಿಂತರು. ಕೊಪ್ಪವೇ ಕೇಂದ್ರ. ನಿನ್ನೆ ಕೆಲಸ ಕಳೆದುಕೊಂಡವರು ಇವತ್ತು ಮಾಲೀಕರು.

ಇದು ಬರೀ ಆದರ್ಶದ ಆಟವಾಗಿ ಉಳಿಯಲಿಲ್ಲ. ಬೆರಳೆಣಿಕೆಯ ಬಸ್ಸುಗಳಿಂದ ಶುರುವಾದದ್ದು 70 ದಾಟಿತು. ಘಟ್ಟದ ಮೇಲೆ, ಘಟ್ಟದ ಕೆಳಗೆ ಓಡಿತು. ಶಾಲೆ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಕಾರ್ಮಿಕರೇ ನಡೆಸುವ ಇಂಥ ಸಂಸ್ಥೆ ಎಲ್ಲಿದೆ ಎಂದು ಅಧ್ಯಯನ ಮಾಡುವವರು ಹುಡುಕಿಕೊಂಡು ಬಂದರು. ಮಲೆನಾಡಿನ ಬಸ್ಸಿನ ಕೆಲಸ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮುಂಗಾರಿನ ನಡುಮಳೆಯಲ್ಲಿ, ಎದುರಿನ ಗಾಜಿನಾಚೆ ಏನೂ ಕಾಣದ ತಿರುವಿನಲ್ಲಿ, ಕೊಡೆ ಹಿಡಿದು ನಿಂತ ಒಬ್ಬಳೇ ಹುಡುಗಿಗಾಗಿ ಅದು ನಿಲ್ಲಬೇಕು. ನಿಂತು, ಮತ್ತೆ ಫಸ್ಟ್ ಗೇರ್ ಹಾಕಬೇಕು. ಡೀಸೆಲ್ ಲೆಕ್ಕದಲ್ಲಿ ಆ ನಿಲುಗಡೆ ನಷ್ಟವೇ.

ಮೂವತ್ತು ವರ್ಷಕ್ಕೆ ಸ್ವಲ್ಪ ಕಡಿಮೆ ಓಡಿ, 2020ರ ಫೆಬ್ರುವರಿಯಲ್ಲಿ ಬಸ್ಸುಗಳು ನಿಂತವು. ಕೊರೊನಾಕ್ಕಿಂತ ಮುಂಚೆ. ಆ ಕಾರಣವನ್ನೂ ಹೇಳಿ ಜಾರಿಕೊಳ್ಳುವಂತಿಲ್ಲ.

ಡೀಸೆಲ್ ಬೆಲೆ, ಬಿಡಿಭಾಗ, ತೆರಿಗೆ, ವಿಮೆ, ಪೈಪೋಟಿ ಎಲ್ಲವೂ ಕಾರಣ. ಸಹಾಯ ಕೇಳಿ ಹೋದಾಗ ಸರ್ಕಾರದ ಕೈ ಬೇಕಾದಷ್ಟು ಸಡಿಲಲಿಲ್ಲ. ಆಡಳಿತದಲ್ಲಿ ತಪ್ಪುಗಳೂ ಆಗಿರಬಹುದು. ಇವಿಷ್ಟನ್ನೂ ಒಪ್ಪಿದ ಮೇಲೂ ಉಳಿಯುವ ಒಂದು ಕಾರಣ ನಮ್ಮ ಅಂಗಳದಲ್ಲೇ ನಿಂತಿದೆ, ಎರಡು ಚಕ್ರದ ಮೇಲೆ ಅಥವಾ ನಾಲ್ಕು ಚಕ್ರದ ಮೇಲೆ. ಅಡಿಕೆಗೆ ರೇಟು ಬಂತು, ಮನೆಗೊಂದು ಬೈಕು ಬಂತು, ಆಮೇಲೆ ಕಾರು. ಬಸ್ಸಿನ ಸೀಟು ಒಂದೊಂದಾಗಿ ಖಾಲಿಯಾಯಿತು.

ಕಾರು ಕೊಂಡವರನ್ನು ಬೈಯಲು ಈ ಮಾತು ಬರೆಯುತ್ತಿಲ್ಲ. ರಾತ್ರಿ ಹೆರಿಗೆ ನೋವು ಬಂದಾಗ, ಅಜ್ಜನಿಗೆ ಎದೆ ಹಿಡಿದಾಗ ಬಸ್ಸು ಬರುವುದಿಲ್ಲ. ಮಲೆನಾಡಿನ ಒಂಟಿಮನೆಗಳಿಗೆ ವಾಹನ ಬೇಕೇ ಬೇಕು. ಆದರೆ ವಾರದ ಸಂತೆಗೂ, ಬ್ಯಾಂಕಿನ ಪಾಸ್‌ಬುಕ್ ಎಂಟ್ರಿಗೂ, ತಾಲ್ಲೂಕು ಕಚೇರಿಯ ಪಹಣಿಗೂ ಕಾರು ತೆಗೆದು, ದಾರಿಯಲ್ಲಿ ಸಹಕಾರ ಸಾರಿಗೆಯ ಬಸ್ಸನ್ನು ಹಾರ್ನ್ ಹೊಡೆದು ಹಿಂದೆ ಹಾಕಿ, ಸಂಜೆ ಕಟ್ಟೆಯ ಮೇಲೆ ಕೂತು ಅದರ ಹೆಚ್ಚುಗಾರಿಕೆ ಹೊಗಳಿದವರು ನಾವೇ ಅಲ್ಲವೇ? ನಿಂತ ಮೇಲೆ ಎಷ್ಟು ಸಂತಾಪ, ಎಷ್ಟು ಹಳೆಯ ಫೋಟೊ, ಫೇಸ್‌ಬುಕ್‌ನಲ್ಲಿ ಎಷ್ಟು ನೆನಪು. ಅದರ ಕಾಲುಭಾಗ ಟಿಕೆಟ್ಟಾಗಿ ಹರಿದಿದ್ದರೆ ಕೆಲವು ರೂಟುಗಳಾದರೂ ಉಳಿಯುತ್ತಿದ್ದವೋ ಏನೋ.

ಸಹಕಾರ ಸಾರಿಗೆಗೆ ಬೇಕಿದ್ದದ್ದು ವರ್ಷಕ್ಕೊಂದು ಸನ್ಮಾನವಲ್ಲ. ವಾರಕ್ಕೆರಡು ಟಿಕೆಟ್.

2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ, ಸರ್ಕಾರಿ ಬಸ್ಸೇ ಅಪರೂಪವಾದ ಮಲೆನಾಡಿನ ಹಳ್ಳಿಗಳ ಹೆಂಗಸರು ಕೇಳಿದ ಪ್ರಶ್ನೆ ಸರಳವಾಗಿತ್ತು. ಟಿಕೆಟ್ಟು ಫ್ರೀ ಸರಿ, ಬಸ್ಸು ಎಲ್ಲಿ?

■ ಬಾಕ್ಸ್: ಒಂದು ಕಿಲೋ ಮೈಲುತುತ್ತ

ತೋಟದ ಪಾಲಿಗೆ ತಡ ಎಂದರೇನು ಎಂದು ಕೊಳೆ ರೋಗ ಕಲಿಸುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು.

ಈ ಔಷಧಿಯನ್ನು ಮಲೆನಾಡಿನ ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ಕೊಳೆ ರೋಗದ ಮೇಲಿನ ಅವರ ವರದಿ ಬಂದದ್ದು 1910ರಲ್ಲಿ. ಅದಕ್ಕೂ ಮೊದಲು ಒಂದೊಂದು ಕೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯಬೇಕಿತ್ತು.

ಹೊತ್ತು ಯಾರದು?

ದಿನಾ ಒಂದಿಷ್ಟು ಹೊತ್ತು ಕೊಡಿ ಎಂದು ಹೇಳುವುದು ಸುಲಭ. ಆ ಹೊತ್ತು ಎಲ್ಲರ ಜೇಬಿನಲ್ಲೂ ಇರುವುದಿಲ್ಲ.

ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹಗಲು ತಮ್ಮ ಮನೆಯ ಕೆಲಸ, ರಾತ್ರಿ ಇನ್ನೊಬ್ಬರ ಅಂಗಳದಲ್ಲಿ ಸುಲಿಗೆ. ಈಗ ಸುಲಿಯುವ ಯಂತ್ರವೂ ಬಂದಿದೆ, ಆ ಕೂಲಿಗೂ ಕುತ್ತು. ನಿಮಗೆ ಪ್ರಿಯವಾದದ್ದಕ್ಕೆ ದಿನಕ್ಕೊಂದು ಗಂಟೆ ಮೀಸಲಿಡಿ ಎಂದು ಅವರ ಮುಂದೆ ಹೇಳಲು ನನಗಂತೂ ಬಾಯಿ ಬಾರದು. ಅವರ ದಿನದ ಗಂಟೆಗಳೆಲ್ಲ ಯಾರಿಗೋ ಆಗಲೇ ಮೀಸಲಾಗಿವೆ.

ಕುವೆಂಪು ಅವರ ಒಂಬತ್ತು ವರ್ಷಕ್ಕೂ ಇದೇ ಪ್ರಶ್ನೆ ಹಾಕಬಹುದು. ಕವಿ ಮೇಜಿನ ಮುಂದೆ ಕೂತ ಹೊತ್ತಿನಲ್ಲಿ ಅನ್ನ ಬೇಯಬೇಕಿತ್ತು, ಮಕ್ಕಳು ಬೆಳೆಯಬೇಕಿತ್ತು, ಬಂದವರಿಗೆ ಕಾಫಿ ಆಗಬೇಕಿತ್ತು. ನಾಲ್ಕು ಮಕ್ಕಳ ಆ ಮನೆಯನ್ನು ಹೇಮಾವತಿಯವರು ನಡೆಸಿದರು. ಏಳು ಸಾಲಿನ ಸರಾಸರಿ ಹೇಳುವಾಗ ಅವರ ದಿನಗಳನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಭಾಗಾಕಾರ ತಪ್ಪುತ್ತದೆ.

ಹಾಗಾಗಿ ಈ ಬರಹದ ತಕರಾರು ಹೊತ್ತಿಲ್ಲದವರ ಮೇಲೆ ಅಲ್ಲ. ಹೊತ್ತಿದ್ದೂ ಮಾತಿನಲ್ಲೇ ಮುಗಿಸುವವರ ಮೇಲೆ. ನವೆಂಬರ್ ಒಂದರಂದು ಬಾವುಟ ಕಟ್ಟಿ, ಮಗನ ಕನ್ನಡ ಪುಸ್ತಕವನ್ನು ವರ್ಷವಿಡೀ ತೆರೆದು ನೋಡದವರ ಮೇಲೆ. ಪಂಚಾಯಿತಿಯ ಗ್ರಂಥಾಲಯ ಬೇಕೆಂದು ಮನವಿ ಕೊಟ್ಟು, ಬಂದ ಮೇಲೆ ಅದರ ಬಾಗಿಲು ಯಾವ ಕಡೆಗಿದೆ ಎಂದು ತಿಳಿಯದವರ ಮೇಲೆ. ಯಕ್ಷಗಾನ ಉಳಿಯಬೇಕು ಎಂದು ವೇದಿಕೆಯಲ್ಲಿ ಹೇಳಿ, ಚೌಕಿ ಪೂಜೆ ಮುಗಿಯುವುದರೊಳಗೆ ಕಾರು ಹತ್ತುವವರ ಮೇಲೆ. ಪಟ್ಟಿ ಉದ್ದವಿದೆ, ಬರೆದವನ ಹೆಸರು ಅದರಲ್ಲಿಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ.

ಈ ಸಲದ ಡಿಸೆಂಬರ್ 29ಕ್ಕೆ ಕುಪ್ಪಳಿಗೆ ಜನ ಹೋಗುತ್ತಾರೆ. ಕವಿಮನೆಯ ಜಗಲಿ, ಪಾತ್ರೆ, ಪೆಟ್ಟಿಗೆ ನೋಡುತ್ತಾರೆ. ಕವಿಶೈಲ ಹತ್ತಿ, ಬಂಡೆಯ ಮೇಲೆ ಬಿ.ಎಂ.ಶ್ರೀ., ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರಿನ ಗುರುತುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ. ಹಾಗೆ ಹೋದವರು 'ಶ್ರೀ ರಾಮಾಯಣ ದರ್ಶನಂ' ಒಂದು ಪ್ರತಿ ಕೊಂಡು ತಂದರೆ ಇನ್ನೊಂದು ಲೆಕ್ಕ ಹಾಕಬಹುದು.

ಐವತ್ತು ಸಂಚಿಕೆ. ವರ್ಷಕ್ಕೆ ಐವತ್ತೆರಡು ವಾರ. ವಾರಕ್ಕೊಂದು ಸಂಚಿಕೆ ಎಂದರೆ ದಿನಕ್ಕೆ ಅರವತ್ತು–ಅರವತ್ತೈದು ಸಾಲು, ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದಿದರೂ ಹತ್ತು ಹದಿನೈದು ನಿಮಿಷದ ಕೆಲಸ. ಮೊದಲ ನಾಲ್ಕೈದು ದಿನ ಹಳಗನ್ನಡದ ಮಾತುಗಳು ನಾಲಗೆಗೆ ತೊಡರುತ್ತವೆ, ಆಮೇಲೆ ಛಂದಸ್ಸಿನ ನಡೆ ಸಿಕ್ಕಿ ತಾನಾಗಿ ಸಾಗುತ್ತದೆ. ಮನೆಯಲ್ಲಿ ಯಾರಾದರೂ ಗಮಕ ಬಲ್ಲವರಿದ್ದರೆ ಇನ್ನೂ ಸಲೀಸು. ಮುಂದಿನ ಡಿಸೆಂಬರ್ 29ರ ಒಳಗೆ ಮುಗಿಯುತ್ತದೆ, ಮೇಲೆ ಎರಡು ವಾರ ಮಿಗುತ್ತದೆ. ಅದು ನೆಂಟರ ಮದುವೆಗೂ ಊರ ಜಾತ್ರೆಗೂ ಇರಲಿ.